ಕುಡಿತ ಬಿಡಿಸುವ ಹೊಣೆ ಯಾರದು?

"ಕುಡಿಯದೆ ಇದ್ದರೆ ನಮ್ಮನೆಯವರು ದೇವರಂಥವರು." ಸಾಂತ್ವನ ಕೇಂದ್ರವಿರಲಿ, ಪೊಲೀಸ್ ಠಾಣೆಯ ಬೆಂಚಿರಲಿ, ಸಂಘದ ವಾರದ ಸಭೆಯಿರಲಿ, ಏಟು ತಿಂದು ಬಂದ ಹೆಣ್ಣುಮಗಳ ಬಾಯಿಂದ ಮೊದಲು ಬರುವ ಮಾತು ಬಹಳ ಸಲ ಇದೇ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಅವರ ಕುಡಿತ ಒಂದು ಬಿಡಿಸಿಕೊಡಿ, ನನಗೆ ಬೇರೇನೂ ಬೇಡ." ಅವಳಿಗೆ ಕೇಸು ಬೇಡ, ಜೀವನಾಂಶ ಬೇಡ, ಬೇರೆ ಮನೆ ಬೇಡ. ಸಂಜೆಯಾದರೆ ಎದೆ ನಡುಗದ ಒಂದು ಮನೆ ಸಾಕು.

ಇಷ್ಟು ಸಣ್ಣ ಬೇಡಿಕೆಗೆ ನಮ್ಮ ಸಮಾಜ ಕೊಡುವ ಉತ್ತರವೇನು? "ಗಂಡನ್ನ ಹಿಡಿತದಲ್ಲಿ ಇಟ್ಕೊಳ್ಳೋಕೆ ಬರಲ್ಲ ನಿನಗೆ" ಎನ್ನುತ್ತಾಳೆ ಅತ್ತೆ. "ಮಕ್ಕಳ ಮುಖ ನೋಡಿಕೊಂಡು ಅನುಸರಿಸಿಕೊಂಡು ಹೋಗಮ್ಮ" ಎನ್ನುತ್ತಾರೆ ತವರಿನವರು. "ಕುಡಿದಾಗ ಎದುರುತ್ತರ ಕೊಡಬೇಡಿ, ಊಟ ಹಾಕಿ ಮಲಗಿಸಿ" ಎಂದು ಠಾಣೆಯಲ್ಲಿ ಬುದ್ಧಿ ಹೇಳುತ್ತಾರೆ. ಆಸ್ಪತ್ರೆಗೆ ಹೋದರೆ "ಮನೆಯವರು ಪ್ರೀತಿಯಿಂದ ನೋಡಿಕೊಳ್ಳಬೇಕು" ಎಂಬ ಸಲಹೆ. ಹೇಳುವವರು ಬೇರೆ ಬೇರೆಯಾದರೂ ಹೇಳುವುದು ಒಂದನ್ನೇ: ಕುಡಿಯುವವನು ಅವನು, ಬಿಡಿಸಬೇಕಾದವಳು ಅವಳು. ಕುಡಿತ ಬಿಟ್ಟರೆ ಅದು ಅವನ ಮನೋಬಲ, ಬಿಡದಿದ್ದರೆ ಅದು ಅವಳ ಅಯೋಗ್ಯತೆ.

ವ್ಯಸನದಿಂದ ಹೊರಬರಲು ಊರಿನ, ಸಮುದಾಯದ ಬೆಂಬಲ ಬೇಕು ಎಂದು ಈಚಿನ ದಿನಗಳಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಮಾತು ಸರಿಯಾದದ್ದೇ. ಆದರೆ 'ಸಮುದಾಯ' ಎಂದು ಹೇಳಿ ಕೊನೆಗೆ ಆ ಕೆಲಸವನ್ನೆಲ್ಲ ಒಬ್ಬ ಹೆಂಡತಿಯ ತಲೆಗೆ ಕಟ್ಟುವುದಾದರೆ ಅದನ್ನು ಬೆಂಬಲವೆಂದು ಕರೆಯಲಾಗದು. ಗಂಡನ ಚಿಕಿತ್ಸೆಯ ಹೊಣೆಯನ್ನು ಹೆಂಡತಿಯ ಹೆಗಲಿನಿಂದ ಇಳಿಸಿ ಊರು ಮತ್ತು ಸರ್ಕಾರ ಹೊರಬೇಕು. ಅವಳ ಸುರಕ್ಷತೆ ಅವನು ಗುಣವಾಗುವ ದಿನಕ್ಕಾಗಿ ಕಾಯಬಾರದು. ಈ ಲೇಖನದಲ್ಲಿ ವಾದಿಸಲು ಹೊರಟಿರುವುದು ಇಷ್ಟನ್ನೇ.

ಮದುವೆಯೆಂಬ ಔಷಧ

ಈ ಹೊಣೆ ಅವಳ ಮೇಲೆ ಬೀಳುವುದು ಮದುವೆಯ ನಂತರವಲ್ಲ, ಮದುವೆಯ ಮಾತುಕತೆಯಲ್ಲೇ. "ಹುಡುಗ ಸ್ವಲ್ಪ ಕುಡೀತಾನೆ, ಒಂದು ಮದುವೆ ಅಂತ ಮಾಡಿದರೆ ಸರಿಹೋಗ್ತಾನೆ" ಎಂಬ ಮಾತನ್ನು ಕೇಳದ ಊರು ಕರ್ನಾಟಕದಲ್ಲಿ ಇದ್ದಂತಿಲ್ಲ. ಮನಸ್ಸಿನ ಕಾಯಿಲೆ ಇರುವ ಹುಡುಗನ ವಿಚಾರದಲ್ಲಂತೂ ಈ ಮಾತನ್ನೂ ಹೇಳುವುದಿಲ್ಲ. ಗುಟ್ಟಾಗಿ ಮದುವೆ ಮಾಡಿ ಮುಗಿಸುತ್ತಾರೆ. ಮಗನಿಗೆ ಚಿಕಿತ್ಸೆ ಕೊಡಿಸಬೇಕಾದ ತಂದೆತಾಯಿ ಮಗನಿಗೊಬ್ಬ ಸಂಬಳವಿಲ್ಲದ ದಾದಿಯನ್ನು ತರುತ್ತಾರೆ. ಸಾಲದ್ದಕ್ಕೆ ಆ ದಾದಿಯ ಮನೆಯವರಿಂದಲೇ ವರದಕ್ಷಿಣೆ, ವರೋಪಚಾರ, ಬಂಗಾರ, ಗಾಡಿ ಎಂದು ವಸೂಲಿಯನ್ನೂ ಮಾಡುತ್ತಾರೆ.

ವರದಕ್ಷಿಣೆಗೂ ಕುಡಿತಕ್ಕೂ ಇರುವ ನಂಟು ಅಲ್ಲಿಗೆ ಮುಗಿಯುವುದಿಲ್ಲ. ಮೊದಲು ಹೋಗುವುದು ಅವಳ ಕಿವಿಯ ಓಲೆ, ಆಮೇಲೆ ಕೊರಳಿನ ಸರ. ಗಿರವಿ ಅಂಗಡಿಗೆ ಇಡಲು ಏನೂ ಉಳಿಯದಾಗ ತವರಿನ ದಾರಿ ತೋರಿಸಲಾಗುತ್ತದೆ. "ನಿಮ್ಮಪ್ಪನ ಹತ್ರ ಹತ್ತು ಸಾವಿರ ಇಸಕೊಂಡು ಬಾ" ಎಂಬ ಬೇಡಿಕೆ ವ್ಯಾಪಾರದ ಹೆಸರಿನಲ್ಲಿ ಬರಲಿ, ಆಟೋ ಕಂತಿನ ಹೆಸರಿನಲ್ಲಿ ಬರಲಿ, ಹಣ ಕೊನೆಗೆ ಸೇರುವ ಜಾಗ ಅವಳಿಗೆ ಗೊತ್ತು. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಕಣ್ಣಿನಲ್ಲಿ ಮದುವೆಯಾಗಿ ಹತ್ತು ವರ್ಷದ ಮೇಲೆ ಕೇಳಿದ್ದೂ ವರದಕ್ಷಿಣೆಯೇ ಆಗಬಹುದು. ಆದರೆ ದೂರು ಬರೆದುಕೊಳ್ಳುವಾಗ ಇದು "ಕುಡಿತದ ಗಲಾಟೆ" ಎಂಬ ಒಂದು ಸಾಲಿನಲ್ಲಿ ಮುಚ್ಚಿಹೋಗುತ್ತದೆ. ಸ್ಟೌವ್ ಸಿಡಿದು, ಬಾವಿಗೆ ಕಾಲುಜಾರಿ, ಹೊಟ್ಟೆನೋವು ತಾಳದೆ ಸತ್ತಳೆಂದು ಬರೆಯಲಾದ ಎಷ್ಟೋ ಸಾವುಗಳ ಹಿಂದೆ ಇಂಥ ಗಲಾಟೆಗಳ ಸರಮಾಲೆಯೇ ಇತ್ತು ಎಂಬುದನ್ನು ಮಹಿಳಾ ಸಂಘಟನೆಗಳು ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿವೆ.

ಹೊಡೆಸುವುದು ಹೆಂಡವೇ?

"ಹೊಡೆದದ್ದು ನಾನಲ್ಲ, ಹೆಂಡ" ಎಂದು ಬೆಳಿಗ್ಗೆ ಎದ್ದವನು ಹೇಳುತ್ತಾನೆ. ಅವಳೂ ನಂಬುತ್ತಾಳೆ, ಏಕೆಂದರೆ ನಂಬಿದರೆ ಮಾತ್ರ ಆ ಮನೆಯಲ್ಲಿ ಉಳಿಯಲು ಒಂದು ಕಾರಣ ಸಿಗುತ್ತದೆ. ಆದರೆ ಸಾಲ ವಾಪಸು ಕೇಳಲು ಬಂದ ಬಡ್ಡಿ ಸಾಹುಕಾರನನ್ನು ಅವನು ಹೊಡೆಯುವುದಿಲ್ಲ. ಬಾರಿನ ಮಾಲೀಕನನ್ನು, ದಾರಿಯಲ್ಲಿ ನಿಲ್ಲಿಸಿದ ಪೊಲೀಸರನ್ನು ಹೊಡೆಯುವುದಿಲ್ಲ. ಎಷ್ಟೇ ತೂರಾಡಿಕೊಂಡು ಬಂದರೂ ಯಾರನ್ನು ಹೊಡೆದರೆ ದಕ್ಕುತ್ತದೆ ಎಂಬ ಲೆಕ್ಕ ಮಾತ್ರ ತಪ್ಪುವುದಿಲ್ಲ.

ಅಂಕಿಅಂಶಗಳೂ ಇದನ್ನೇ ಹೇಳುತ್ತವೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮೇಲಿಂದ ಮೇಲೆ ಕುಡಿದು ಬರುವ ಗಂಡಂದಿರ ಹೆಂಡತಿಯರಲ್ಲಿ ಶೇ. 70ರಷ್ಟು ಮಂದಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಕುಡಿತ ಹಿಂಸೆಯನ್ನು ಹೆಚ್ಚಿಸುತ್ತದೆ ಎಂಬುದರಲ್ಲಿ ಅನುಮಾನವೇ ಬೇಡ. ಆದರೆ ಅದೇ ಸಮೀಕ್ಷೆಯಲ್ಲಿ ಕುಡಿಯದೇ ಇರುವ ಗಂಡಂದಿರ ಹೆಂಡತಿಯರಲ್ಲೂ ಶೇ. 23 ಮಂದಿ ಹಿಂಸೆ ಅನುಭವಿಸಿದವರೇ. ನಮ್ಮ ರಾಜ್ಯದ ಲೆಕ್ಕ ಇನ್ನೂ ಆತಂಕದ್ದು. ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದರು. ಕುಡಿಯುತ್ತೇವೆಂದು ಹೇಳಿಕೊಂಡ ಗಂಡಸರು ಶೇ. 16.5 ಮಾತ್ರ. ಗಂಡಸರು ತಮ್ಮ ಕುಡಿತವನ್ನು ಮುಚ್ಚಿಟ್ಟಿದ್ದಾರೆಂದೇ ಇಟ್ಟುಕೊಂಡರೂ ಈ ಎರಡು ಅಂಕಿಗಳ ನಡುವಿನ ಅಂತರವನ್ನು ಬಾಟಲಿಯೊಂದೇ ತುಂಬಲಾರದು.

ಗೋವಾದಲ್ಲಿ 'ಸಂಗಾತ್' ಸಂಸ್ಥೆ ನಡೆಸಿದ ಒಂದು ಪ್ರಯೋಗದ ಫಲಿತಾಂಶ 2017ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ ಕುಡುಕ ಗಂಡಸರೊಡನೆ ಕೆಲವು ವಾರ ಮಾತುಕತೆ ನಡೆಸಿದರು. ಮೂರು ತಿಂಗಳ ನಂತರ ನೋಡಿದರೆ ಸಲಹೆ ಪಡೆದವರಲ್ಲಿ ಹೆಚ್ಚು ಮಂದಿ ಅಪಾಯದ ಕುಡಿತದಿಂದ ಹೊರಬಂದಿದ್ದರು. ದೊಡ್ಡ ಆಸ್ಪತ್ರೆ, ದುಬಾರಿ ವೈದ್ಯರಿಲ್ಲದೆ ಹಳ್ಳಿಯಲ್ಲೇ ಇದು ಸಾಧ್ಯ ಎಂಬುದು ನಿಜಕ್ಕೂ ಸಂತೋಷದ ಸುದ್ದಿ. ಆದರೆ ಹೆಂಡತಿಯ ಮೇಲಿನ ಹಿಂಸೆಯ ವಿಷಯದಲ್ಲಿ ಸಲಹೆ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಕುಡಿತಕ್ಕೆ ಕೊಟ್ಟ ಚಿಕಿತ್ಸೆ ಕುಡಿತಕ್ಕೆ ಮಾತ್ರ ತಾಗಿತ್ತು. ಹೆಂಡತಿ ತನ್ನ ಸೊತ್ತು ಎಂಬ ಹಮ್ಮಿಗೆ ಅದು ಮದ್ದಾಗಿರಲಿಲ್ಲ.

ಹಾಗಾಗಿ ಇವು ಎರಡು ಕೆಲಸಗಳು. ಕುಡಿತ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಬೇಕು. ಹೊಡೆತ ಒಂದು ಅಪರಾಧ, ಅದಕ್ಕೆ ತಡೆ ಬೇಕು. ಒಂದನ್ನು ಮಾಡಿದರೆ ಇನ್ನೊಂದು ತಾನಾಗಿಯೇ ಆಗುತ್ತದೆಂದು ಕಾಯುತ್ತ ಕುಳಿತರೆ ಆ ಕಾಯುವಿಕೆಯ ಬೆಲೆ ತೆರುವವಳು ಅವಳೇ.

ಅಂಗಡಿ ಮುಚ್ಚಿಸುವುದು, ಆಮೇಲಿನದು

ಹೆಂಡದ ವಿರುದ್ಧ ಹೆಂಗಸರ ಹೋರಾಟಕ್ಕೆ ಹೆಮ್ಮೆಯ ಚರಿತ್ರೆಯಿದೆ. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಸೇರಿದ ಕೂಲಿ ಹೆಂಗಸರು ಸಾರಾಯಿ ಅಂಗಡಿಯ ಬಾಗಿಲು ಹಾಕಿಸಿದರು. ಅಲ್ಲಿಂದ ಹಬ್ಬಿದ ಚಳವಳಿಗೆ ಮಣಿದು 1993ರಲ್ಲಿ ಆ ರಾಜ್ಯ ಸಾರಾಯಿ ನಿಷೇಧಿಸಿತು, 1995ರಲ್ಲಿ ಪೂರ್ಣ ಪಾನನಿಷೇಧ ತಂದಿತು. 1997ರಲ್ಲಿ ಅದನ್ನು ಸಡಿಲಿಸಿತು. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಹೆಂಗಸರು ಪಾನನಿಷೇಧ ಕೇಳಿಕೊಂಡು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಮರುವರ್ಷ ಕೊರೋನಾ ಲಾಕ್‌ಡೌನಿನಲ್ಲಿ ಮಾರ್ಚ್ ಕೊನೆಯಿಂದ ಮುಚ್ಚಿದ್ದ ಮದ್ಯದಂಗಡಿಗಳು 2020ರ ಮೇ 4ರಂದು ತೆರೆದಾಗ ಅವುಗಳ ಮುಂದೆ ನಿಂತ ಸಾಲುಗಳನ್ನು ನಾವೆಲ್ಲ ನೋಡಿದೆವು.

ಸಂವಿಧಾನದ 47ನೆಯ ವಿಧಿ ಮದ್ಯಪಾನ ತಡೆಯುವತ್ತ ಸರ್ಕಾರ ಪ್ರಯತ್ನಿಸಬೇಕೆಂದು ಹೇಳುತ್ತದೆ. ಅದೇ ಸರ್ಕಾರ 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಹಾಕಿಕೊಂಡಿತು. ಈ ಹಣದಲ್ಲಿ ಎಷ್ಟೋ ಭಾಗ ಹೆಂಗಸರ ಕೂಲಿಯಿಂದ, ಮಕ್ಕಳ ಹಾಲಿನಿಂದ, ತವರಿನ ಸಾಲದಿಂದ ಬಂದದ್ದು. ಆದ್ದರಿಂದ ಊರೊಳಗಿನ ಅಂಗಡಿ ಬೇಡ, ಕಿರಾಣಿ ಅಂಗಡಿಯ ಗುಟ್ಟಿನ ಮಾರಾಟ ಬೇಡ ಎಂಬ ಹೋರಾಟ ಮುಂದುವರಿಯಲೇಬೇಕು.

ಆದರೆ ಅಂಗಡಿಯ ಬಾಗಿಲು ಹಾಕಿದ ರಾತ್ರಿಯೇ ಏನಾಗುತ್ತದೆ ಎಂಬುದನ್ನೂ ಯೋಚಿಸಬೇಕು. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನ ಕೈಕಾಲು ನಡುಗುತ್ತದೆ, ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣಿಸುತ್ತದೆ, ಕೇಳಿಸುತ್ತದೆ, ಪ್ರಾಣವೂ ಹೋಗಬಹುದು. ಇದು ದೆವ್ವದ ಕಾಟವಲ್ಲ, ನಾಟಕವೂ ಅಲ್ಲ. ಔಷಧದಿಂದ ದಾಟಿಸಬಹುದಾದ ದೇಹದ ಸ್ಥಿತಿ. ಇಂಥವನನ್ನು ಕೋಣೆಯಲ್ಲಿ ಕೂಡಿಹಾಕಿ ಅವನ ಜೊತೆ ಹೆಂಡತಿ ಮಕ್ಕಳನ್ನು ಬಿಡುವುದು ಇಬ್ಬರಿಗೂ ಅಪಾಯ. ಪತ್ರಿಕೆಗಳಲ್ಲಿ ಜಾಹೀರಾತು ಕೊಡುವ "ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ" ಎಂಬ ಪುಡಿಗಳೂ ಅಷ್ಟೇ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್‌ನಂಥ ಔಷಧವನ್ನು ಗುಟ್ಟಾಗಿ ಕೊಟ್ಟು, ಅದರ ಮೇಲೆ ಅವನು ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡ ಕುಸಿತ ಉಂಟಾಗಿ ಜೀವಕ್ಕೇ ಸಂಚಕಾರ. ಆಗ ಗಂಡನಿಗೆ ವಿಷ ಹಾಕಿದಳೆಂಬ ಅಪವಾದವೂ ಅವಳ ಮೇಲೆಯೇ ಬರುತ್ತದೆ.

ಶಿಬಿರದಿಂದ ಮನೆಗೆ ಬಂದ ಮೇಲೆ

ನಮ್ಮ ನಾಡಿನಲ್ಲಿ ಮದ್ಯವರ್ಜನ ಶಿಬಿರಗಳು ಹೊಸತೇನಲ್ಲ. ಊರಿನ ಶಾಲೆಯಲ್ಲೋ ಸಮುದಾಯ ಭವನದಲ್ಲೋ ಒಂದು ವಾರ ಕಾಲ ಗಂಡಸರನ್ನು ಇರಿಸಿಕೊಂಡು ಕುಡಿತ ಬಿಡಿಸುವ ಪ್ರಯತ್ನ ಕರಾವಳಿ ಮಲೆನಾಡುಗಳಲ್ಲಿ ದಶಕಗಳಿಂದ ನಡೆದಿದೆ. ನೆರೆಯ ತಮಿಳುನಾಡಿನಲ್ಲಿ, ಕುಡಿತದಿಂದ ಗಂಡನನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಮದ್ರಾಸಿನಲ್ಲಿ ಆಸ್ಪತ್ರೆ ಕಟ್ಟಿದ್ದಲ್ಲದೆ ಹಳ್ಳಿಗಳಿಗೂ ಶಿಬಿರಗಳನ್ನು ಒಯ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಇಂಥ ಪ್ರಯತ್ನಗಳಿಂದ ಬದುಕು ತಿರುಗಿದವರು ಇದ್ದಾರೆ. ಆದರೆ ಕುಡಿತದ ಕಾಯಿಲೆಯ ಕಠಿಣ ಭಾಗ ಶುರುವಾಗುವುದು ಮನೆಗೆ ಮರಳಿದ ಮೇಲೆ. ಸಂಜೆ ಆರು ಗಂಟೆಗೆ ಹಳೆಯ ಗೆಳೆಯರು ಕರೆಯುತ್ತಾರೆ, ಮದುವೆ ಜಾತ್ರೆಗಳಲ್ಲಿ "ಇವತ್ತೊಂದಿನ" ಎಂದು ಒತ್ತಾಯಿಸುತ್ತಾರೆ, ಚುನಾವಣೆ ಬಂದರೆ ಮನೆ ಬಾಗಿಲಿಗೇ ಬಾಟಲಿ ಬರುತ್ತದೆ. ಮತ್ತೆ ಕುಡಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ, ಚಿಕಿತ್ಸೆ ಮತ್ತೆ ಮುಂದುವರಿಸಬೇಕು ಎಂದು ವೈದ್ಯರು ಹೇಳುತ್ತಾರೆ.

ಈ ಹೊತ್ತಿನಲ್ಲಿ ಕಾವಲಿಗೆ ಯಾರಿದ್ದಾರೆ? ಮತ್ತೆ ಅವಳೇ. ಮಾತ್ರೆ ನುಂಗಿಸುವವಳು, ಜೇಬು ತಡಕುವವಳು, ಬಾಯಿಯ ವಾಸನೆ ನೋಡುವವಳು ಅವಳು. ಕಾವಲಿಟ್ಟದ್ದಕ್ಕೆ ಏಟು ತಿನ್ನುವವಳೂ ಅವಳೇ. ಅವನು ಮತ್ತೆ ಕುಡಿದರೆ "ಏನೋ ಅಂದಿರ್ತಾಳೆ, ಅದಕ್ಕೇ ಬೇಜಾರಾಗಿ ಕುಡಿದ" ಎಂದು ಊರು ತೀರ್ಪು ಕೊಡುತ್ತದೆ. ಗಂಡ ಜೈಲಿನಿಂದ ಬಿಡುಗಡೆಯಾದಂತೆ ಶಿಬಿರದಿಂದ ಬಂದ, ಹೆಂಡತಿ ಜೈಲರಿನ ಕೆಲಸಕ್ಕೆ ಸೇರಿದಳು ಎಂಬಂತಾಗುತ್ತದೆ.

ಈ ಕಾವಲು ಕೆಲಸ ಗಂಡಸರದ್ದಾಗಬೇಕು. ಅದರಲ್ಲೂ ಕುಡಿತ ಬಿಟ್ಟ ಗಂಡಸರದ್ದು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ 'ಆಲ್ಕೊಹಾಲಿಕ್ಸ್ ಅನಾನಿಮಸ್' ಕೂಟಗಳ ಬಲವಿರುವುದು ಅಲ್ಲೇ: ಕುಡಿತ ಬಿಟ್ಟವನು ಬಿಡಲು ಹೆಣಗುವವನ ಕೈ ಹಿಡಿಯುತ್ತಾನೆ, ಇಬ್ಬರೂ ಉಳಿದುಕೊಳ್ಳುತ್ತಾರೆ. ಮನೆಯವರಿಗೆಂದು 1951ರಿಂದ 'ಅಲ್‌ಅನಾನ್' ಎಂಬ ಕೂಟಗಳೂ ಇವೆ. ಅವನ ಕುಡಿತಕ್ಕೆ ನೀನು ಕಾರಣಳಲ್ಲ, ಅದನ್ನು ನೀನು ಗುಣಪಡಿಸಲೂ ಆಗದು ಎಂದು ಅಲ್ಲಿ ಹೆಂಡತಿಗೆ ಹೇಳಿಕೊಡುತ್ತಾರೆ. ನಮ್ಮ ಹೆಣ್ಣುಮಕ್ಕಳಿಗೆ ತಾಳಿ ಕಟ್ಟಿದ ದಿನದಿಂದ ಹೇಳಿಕೊಟ್ಟದ್ದಕ್ಕೆ ಇದು ತದ್ವಿರುದ್ಧ. ಆದರೆ ನಗರಗಳಲ್ಲಿ, ಅದೂ ಗೊತ್ತಿದ್ದವರಿಗೆ ಮಾತ್ರ ಇಂಥ ಕೂಟಗಳು ಸಿಗುತ್ತವೆ. ಪ್ರತಿ ಹೋಬಳಿಯಲ್ಲೂ ಇಂಥದೊಂದು ಜಾಗ ಬೇಕು.

ಅವಳ ಮನಸ್ಸಿನ ಕತೆ

ಇಷ್ಟೆಲ್ಲ ನಡೆಯುವಾಗ ಅವಳ ಮನಸ್ಸು ಏನಾಗಿದೆ ಎಂದು ಕೇಳಿದವರಿಲ್ಲ. ತಲೆನೋವು, ಬೆನ್ನುನೋವು, ಕೈಕಾಲು ಉರಿ, ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಎಂದು ಆಸ್ಪತ್ರೆಗೆ ಬರುತ್ತಾಳೆ. "ನರದ ದೌರ್ಬಲ್ಯ" ಎಂದು ಶಕ್ತಿಯ ಮಾತ್ರೆ, ಒಂದು ಇಂಜೆಕ್ಷನ್ ಕೊಟ್ಟು ಕಳಿಸುತ್ತಾರೆ. ಮೈಮೇಲೆ ಬಂದರೆ ದೇವಸ್ಥಾನ, ದರ್ಗಾಗಳಿಗೆ ಅಲೆಸುತ್ತಾರೆ. "ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೇನಮ್ಮ?" ಎಂಬ ಒಂದು ಪ್ರಶ್ನೆಯನ್ನು ಬಾಗಿಲು ಮುಂದೆ ಮಾಡಿ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಕೇಳಿದರೆ ಅರ್ಧ ಕಾಯಿಲೆಯ ಮೂಲ ತಿಳಿಯುತ್ತದೆ.

ಅವಳು ನಿಜಕ್ಕೂ ಮನೋವೈದ್ಯರ ಬಳಿ ಹೋದಳೆನ್ನಿ, ಆಗ ಇನ್ನೊಂದು ಭಯ. ಗಂಡನ ಕುಡಿತಕ್ಕೆ ಚಿಕಿತ್ಸೆ ಎಂದರೆ ಊರು ಅನುಕಂಪ ತೋರುತ್ತದೆ; ಹೆಂಡತಿಯ ಖಿನ್ನತೆಗೆ ಚಿಕಿತ್ಸೆ ಎಂದರೆ "ಹುಚ್ಚಿ" ಎಂಬ ಹಣೆಪಟ್ಟಿ. ಆಸ್ಪತ್ರೆಯ ಚೀಟಿ ನಾಳೆ ವಿಚ್ಛೇದನದ ಅರ್ಜಿಗೆ, ಮಕ್ಕಳನ್ನು ಕಿತ್ತುಕೊಳ್ಳುವ ವಾದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಚಿಕಿತ್ಸೆಗೆಂದು ಕರೆತಂದ ಹೆಂಡತಿಯನ್ನು ಆಸ್ಪತ್ರೆಯಲ್ಲೋ ತವರಿನಲ್ಲೋ ಬಿಟ್ಟುಹೋಗಿ ಇನ್ನೊಂದು ಮದುವೆಯಾದ ಗಂಡಂದಿರಿಗೆ ಬರವಿಲ್ಲ. ಕುಡಿತಕ್ಕೋ ನಿದ್ದೆಮಾತ್ರೆಗೋ ತಂಬಾಕಿಗೋ ಅಂಟಿಕೊಂಡ ಹೆಂಗಸಿನ ಪಾಡಂತೂ ಕೇಳುವುದೇ ಬೇಡ. ಗದ್ದೆ, ತೋಟ, ಕಟ್ಟಡದ ಕೆಲಸದಲ್ಲಿ ಮೈನೋವು ಮರೆಯಲು ಕುಡಿಯುವ ಹೆಂಗಸರು ಎಲ್ಲ ಕಾಲದಲ್ಲೂ ಇದ್ದಾರೆ. ಅವಳ ಪಾಲಿಗೆ ಶಿಬಿರವಿಲ್ಲ, ಬಿಟ್ಟಳೆಂದು ಹಾರ ಹಾಕುವವರಿಲ್ಲ.

ಗೋವಾದಲ್ಲೇ ಅದೇ ಸಂಸ್ಥೆ ಖಿನ್ನತೆಗೆ ಸಿಕ್ಕಿದವರಿಗಾಗಿ ಇನ್ನೊಂದು ಪ್ರಯೋಗ ನಡೆಸಿತ್ತು, ಅದೂ 2017ರಲ್ಲೇ ಪ್ರಕಟವಾಯಿತು. ಅಲ್ಲೂ ಸಾಮಾನ್ಯ ಸಲಹೆಗಾರರದೇ ಕೆಲಸ. ಸಲಹೆ ಪಡೆದವರ ಖಿನ್ನತೆ ತಗ್ಗಿತು. ಜೊತೆಗೆ, ಸಲಹೆ ಪಡೆದ ಹೆಂಗಸರು ಗಂಡನಿಂದ ತಿಂದ ಏಟೂ ಉಳಿದವರಿಗಿಂತ ಕಡಿಮೆಯಿತ್ತು. ಗಂಡನ ಕುಡಿತ ಬಿಡಿಸಿದ ಕಡೆ ಹೊಡೆತ ಇಳಿಯಲಿಲ್ಲ, ಹೆಂಗಸಿನ ಮನಸ್ಸಿಗೆ ಆಸರೆ ಕೊಟ್ಟ ಕಡೆ ಇಳಿಯಿತು. ಒಂದೆರಡು ಪ್ರಯೋಗಗಳಿಂದ ಎಲ್ಲವನ್ನೂ ತೀರ್ಮಾನಿಸಲಾಗದು, ಏಟು ತಪ್ಪಿಸಿಕೊಳ್ಳುವುದು ಅವಳ ಕೈಯಲ್ಲೇ ಇದೆ ಎಂದು ಇದರ ಅರ್ಥವೂ ಅಲ್ಲ. ಆದರೂ ಹಣ ಮತ್ತು ಶ್ರಮವನ್ನು ಎಲ್ಲಿ ಹಾಕಬೇಕೆಂದು ಯೋಚಿಸುವವರು ಇದನ್ನು ಮರೆಯಬಾರದು.

ಇರುವ ವ್ಯವಸ್ಥೆ, ಇಲ್ಲದ ಕೈಗಳು

ವ್ಯವಸ್ಥೆಯೇ ಇಲ್ಲವೆಂದಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಹಳ್ಳಿಯಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂದು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆ. 1985ರಿಂದ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರ್ಕಾರಿ ಚಿಕಿತ್ಸೆಯನ್ನು ಹಕ್ಕೆಂದು ಒಪ್ಪಿತು. ಮದ್ಯ, ಮಾದಕ ವಸ್ತುಗಳಿಂದ ಬರುವ ಮನೋಸ್ಥಿತಿಗಳನ್ನೂ ಅದರೊಳಗೆ ಸೇರಿಸಿತು. ಸರಪಳಿ ಹಾಕಿ ಕಟ್ಟುವುದನ್ನು ನಿಷೇಧಿಸಿತು. 2022ರಿಂದ 14416 ಸಂಖ್ಯೆಗೆ ಫೋನು ಮಾಡಿದರೆ 'ಟೆಲಿ ಮಾನಸ್' ಸಲಹೆಗಾರರು ಸಿಗುತ್ತಾರೆ.

ಆದರೆ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಏನು ಹೇಳಿತು? ಕುಡಿತದ ಕಾಯಿಲೆ ಇರುವವರಲ್ಲಿ ಶೇ. 86 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಕಾನೂನಿಗೂ ರೋಗಿಯ ಮನೆಗೂ ನಡುವೆ ನಡೆದು ಹೋಗುವ ಕಾಲುಗಳಿಲ್ಲ, ಹಿಡಿದು ತರುವ ಕೈಗಳಿಲ್ಲ. ಕೂಲಿ ಬಿಟ್ಟು, ಬಸ್ಸಿನ ದುಡ್ಡು ಹೊಂದಿಸಿ, ಬರಲೊಲ್ಲದ ಗಂಡನನ್ನು ಎಳೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದರೆ "ಡಾಕ್ಟರು ಮುಂದಿನ ವಾರ ಬರ್ತಾರೆ" ಎನ್ನುತ್ತಾರೆ. ಎರಡನೆಯ ಸಲ ಅವಳು ಹೋಗುವುದಿಲ್ಲ. ಈ ಕಂದರವನ್ನು ತುಂಬುವುದಕ್ಕೇ ಸಮುದಾಯದ ಬೆಂಬಲ ಬೇಕಾಗಿರುವುದು.

ನಾವು ಕಟ್ಟಬೇಕಾದದ್ದು

ಮೊದಲನೆಯದಾಗಿ, ಪ್ರತಿ ಗ್ರಾಮ ಪಂಚಾಯಿತಿಯಲ್ಲಿ, ನಗರದ ಪ್ರತಿ ಕೊಳೆಗೇರಿ, ಬಡಾವಣೆಯಲ್ಲಿ ಐದಾರು ಜನರ ಒಂದು ತಂಡ ಬೇಕು. ಸಂಘದ ಇಬ್ಬರು ಹೆಂಗಸರು, ಆಶಾ ಕಾರ್ಯಕರ್ತೆ, ಕುಡಿತ ಬಿಟ್ಟ ಇಬ್ಬರು ಗಂಡಸರು, ಸಾಧ್ಯವಿದ್ದರೆ ಒಬ್ಬ ಶಾಲಾ ಶಿಕ್ಷಕರು. ಆಸ್ಪತ್ರೆಗೆ ಕರೆದೊಯ್ಯುವುದು, ಮಾತ್ರೆ ತಪ್ಪದಂತೆ ನೋಡುವುದು, ಸಂಜೆ ಆರರಿಂದ ಒಂಬತ್ತರವರೆಗೆ ಅವನ ಜೊತೆಗಿರುವುದು ಆ ಗಂಡಸರ ಕೆಲಸ. ಆಶಾ ಅಕ್ಕಂದಿರ ಮೇಲೆ ಈಗಾಗಲೇ ಹೊರಲಾರದ ಹೊರೆಯಿದೆ. ಅವರಿಗೆ ಇದಕ್ಕೆ ಬೇರೆ ಗೌರವಧನ ಕೊಡಲೇಬೇಕು. ಹೆಂಡತಿಯ ಬಿಟ್ಟಿ ದುಡಿಮೆಯನ್ನು ಇಳಿಸಿ ಇನ್ನೊಬ್ಬ ಹೆಂಗಸಿನ ಬಿಟ್ಟಿ ದುಡಿಮೆಗೆ ಏರಿಸುವುದು ನ್ಯಾಯವಲ್ಲ.

ಎರಡನೆಯದಾಗಿ, ಊರಿನಲ್ಲಿ ಕನಿಷ್ಠ ಎರಡು ಮನೆಗಳು ರಾತ್ರಿ ಯಾವ ಹೊತ್ತಿನಲ್ಲಿ ಬಂದರೂ "ಯಾಕಮ್ಮ, ಏನು ಮಾಡಿದೆ?" ಎಂದು ಕೇಳದೆ ಅವಳಿಗೂ ಮಕ್ಕಳಿಗೂ ಬಾಗಿಲು ತೆರೆಯಬೇಕು. ಪಡಿತರ ಚೀಟಿ, ಆಧಾರ್, ಪಾಸ್‌ಬುಕ್ಕುಗಳ ಪ್ರತಿಯನ್ನು ಸಂಘದಲ್ಲಿ ಇಟ್ಟುಕೊಳ್ಳಬೇಕು. ಕುತ್ತಿಗೆ ಹಿಸುಕಿದ, ಮಚ್ಚು ತೆಗೆದ, ಕೊಲ್ಲುತ್ತೇನೆಂದ, ಶೀಲದ ಮೇಲೆ ಬುಡವಿಲ್ಲದ ಅನುಮಾನ ಶುರುವಾದ ಮನೆಯಲ್ಲಿ ಅವಳು ಇನ್ನೊಂದು ರಾತ್ರಿಯೂ ಇರಕೂಡದು. ಬಹುಕಾಲ ಕುಡಿದವರಲ್ಲಿ ಈ ಅನುಮಾನ ಒಂದು ರೋಗಲಕ್ಷಣವಾಗಿಯೇ ಬರುತ್ತದೆಂದು ವೈದ್ಯರು ಗುರುತಿಸಿದ್ದಾರೆ. ಅದು ಮಾತಿನಿಂದ ಬಗೆಹರಿಯುವುದಿಲ್ಲ.

ಮೂರನೆಯದಾಗಿ, ಕುಡಿತ ಬಿಡಿಸುವ ಪ್ರತಿ ಕೇಂದ್ರ, ಶಿಬಿರ, ಕ್ಲಿನಿಕ್ ಹೆಂಡತಿಯನ್ನು ಬೇರೆಯಾಗಿ ಕೂರಿಸಿ ಮಾತನಾಡಿಸಬೇಕು. ಗಂಡನ ಎದುರಿಗೆ "ಹೊಡೀತಾರಾ?" ಎಂದು ಕೇಳಿದರೆ ನಿಜ ಹೇಳುವವರು ಯಾರು? ಎಷ್ಟು ದಿನ ಕುಡಿಯದೆ ಇದ್ದ ಎಂಬುದರ ಜೊತೆಗೆ ಎಷ್ಟು ದಿನ ಕೈ ಎತ್ತದೆ ಇದ್ದ ಎಂಬುದನ್ನೂ ಬರೆದಿಡಬೇಕು. ಕುಡಿತ ಬಿಟ್ಟೂ ಹೊಡೆಯುವವನನ್ನು ವೇದಿಕೆಯ ಮೇಲೆ ಕೂರಿಸಿ ಸನ್ಮಾನಿಸಬಾರದು.

ನಾಲ್ಕನೆಯದಾಗಿ, ಹೆಂಗಸರಿಗೆಂದೇ ವಾರಕ್ಕೊಮ್ಮೆ ಕೂರುವ ಜಾಗ. ಸಂಘದಲ್ಲಿ ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಮನಸ್ಸಿನ ಲೆಕ್ಕವೂ ಆಗಲಿ. ಆರೋಗ್ಯ ಕೇಂದ್ರದಲ್ಲಿ ಖಿನ್ನತೆಗೆ ಮಾತ್ರೆ, ಸಲಹೆ ಸಿಗಲಿ. ವ್ಯಸನಕ್ಕೆ ಸಿಕ್ಕಿದ ಹೆಂಗಸರಿಗೆ, ಮಕ್ಕಳನ್ನು ಜೊತೆಗಿಟ್ಟುಕೊಳ್ಳಬಹುದಾದ ಚಿಕಿತ್ಸಾ ಕೇಂದ್ರ ಜಿಲ್ಲೆಗೊಂದಾದರೂ ಆಗಲಿ.

ಐದನೆಯದಾಗಿ, ಅಬಕಾರಿಯಿಂದ ಬರುವ ಹಣದ ಒಂದು ನಿಗದಿತ ಪಾಲು ತಾಲ್ಲೂಕು ಮಟ್ಟದ ಚಿಕಿತ್ಸೆಗೆ, ಸಾಂತ್ವನ ಕೇಂದ್ರಗಳಿಗೆ, ತಂಗುದಾಣಗಳಿಗೆ ಮೀಸಲಾಗಬೇಕು. ಇದು ದಾನವಲ್ಲ, ನಮ್ಮದೇ ಹಣದ ವಾಪಸಾತಿ.

ಕಾನೂನು ಕಾಯಬೇಕಾಗಿಲ್ಲ

ಇವೆಲ್ಲ ಆಗುವವರೆಗೆ ಅವಳ ಕೈಯಲ್ಲಿ ಕಾನೂನು ಇದೆ ಎಂಬುದು ಎಲ್ಲರಿಗೂ ತಿಳಿದಿರಲಿ. 2006ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ 2005ರಡಿ ಅವಳು ರಕ್ಷಣಾ ಆದೇಶ ಕೇಳಬಹುದು. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಅಗತ್ಯವಿದ್ದರೆ ಅವನೇ ಹೊರಗಿರಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು, ಆದ್ದರಿಂದ ಅಂಗನವಾಡಿ ಕಾರ್ಯಕರ್ತೆಯ ಮೂಲಕವೂ ಅವರನ್ನು ತಲುಪಬಹುದು. ಹೆಂಗಸರಿಗೆ ಕಾನೂನು ನೆರವು ಉಚಿತ. ಗಂಡನ ಕ್ರೌರ್ಯಕ್ಕೆ ಸಂಬಂಧಿಸಿದ ಹಳೆಯ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿವೆ. "ಕುಡಿದಿದ್ದೆ" ಎಂಬುದು ಇವುಗಳಿಂದ ತಪ್ಪಿಸಿಕೊಳ್ಳುವ ದಾರಿಯಲ್ಲ. ಗಂಡ ಚಿಕಿತ್ಸೆಯಲ್ಲಿದ್ದಾನೆ ಎಂಬ ಕಾರಣಕ್ಕೆ "ಈಗ ಕೇಸು ಬೇಡ, ಅವನ ಮನಸ್ಸಿಗೆ ನೋವಾಗುತ್ತದೆ" ಎಂದು ಹೇಳುವವರಿದ್ದಾರೆ. ಚಿಕಿತ್ಸೆಯೂ ನಡೆಯಲಿ, ರಕ್ಷಣಾ ಆದೇಶವೂ ಇರಲಿ. ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ.

ಕುಡಿತವನ್ನು ಕಾಯಿಲೆ ಎಂದರೆ ಗಂಡಸಿಗೆ ನೆಪ ಕೊಟ್ಟಂತಾಗುವುದಿಲ್ಲವೇ ಎಂದು ನಮ್ಮ ಗೆಳತಿಯರಲ್ಲೇ ಕೆಲವರು ಕೇಳುತ್ತಾರೆ. ಹೊಡೆತವನ್ನೂ ಕಾಯಿಲೆಯ ಲೆಕ್ಕಕ್ಕೆ ಬರೆದರೆ ಮಾತ್ರ ಅದು ನೆಪವಾಗುತ್ತದೆ. ಎರಡನ್ನೂ ಬೇರೆಯಾಗಿ ಇಟ್ಟರೆ, ಕ್ಷಯ ಬಂದವನನ್ನು ನೋಡುವಂತೆ ಅವನನ್ನು ಅವಮಾನವಿಲ್ಲದೆ ಆಸ್ಪತ್ರೆಗೆ ಕರೆದೊಯ್ಯಬಹುದು, ಕೈ ಎತ್ತಿದ ದಿನ ಅದೇ ಊರು ಅವನನ್ನು ಠಾಣೆಗೂ ಕರೆದೊಯ್ಯಬಹುದು. ಇನ್ನು ಕೆಲವರು, ಹೆಂಡತಿ ಕೈಬಿಟ್ಟರೆ ಅವನ ಗತಿಯೇನು, ನೀವು ಮನೆ ಮುರಿಯುವವರು ಎಂದು ಆರೋಪಿಸುತ್ತಾರೆ. ಒಬ್ಬಳ ಮೈಮೇಲೆ ನಿಂತ ಮನೆ ಎಂದೋ ಮುರಿದಿರುತ್ತದೆ. ಅವನ ಗತಿಯ ಬಗ್ಗೆ ಇಷ್ಟು ಕಾಳಜಿ ಇರುವವರು ಸಂಜೆ ಆರಕ್ಕೆ ಅವನ ಮನೆಗೆ ಹೋಗಿ ಕೂರಲಿ.

ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಮೂರು ವಿಷಯ ಎತ್ತಿ. ನಮ್ಮೂರಿನಲ್ಲಿ ರಾತ್ರಿ ಬಾಗಿಲು ತೆರೆಯುವ ಎರಡು ಮನೆ ಯಾವುವು? ಕುಡಿತ ಬಿಟ್ಟ ಗಂಡಸರಲ್ಲಿ ಮುಂದೆ ಬರುವವರು ಯಾರು? ನಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ, ಬಾರದಿದ್ದರೆ ಯಾರನ್ನು ಕೇಳಬೇಕು? ಈ ಮೂರಕ್ಕೆ ಉತ್ತರ ಬರೆದು ಸಂಘದ ಗೋಡೆಗೆ ಅಂಟಿಸಿ. ಇನ್ನು ಮೇಲೆ ಯಾರಾದರೂ "ಒಂದು ಮದುವೆ ಮಾಡಿದರೆ ಸರಿಹೋಗ್ತಾನೆ" ಎಂದು ಹೆಣ್ಣು ಕೇಳಲು ಬಂದರೆ, ಮೊದಲು ಅವನನ್ನು ಸರಿಮಾಡಿಕೊಂಡು ಬನ್ನಿ, ನಮ್ಮ ಮಗಳು ಆಸ್ಪತ್ರೆಯಲ್ಲ ಎಂದು ಹೇಳಿ ಕಳಿಸುವ ಧೈರ್ಯವನ್ನೂ ಅದೇ ಸಭೆಯಲ್ಲಿ ಮಾಡೋಣ.